ಹಳೆಯ ಯಂತ್ರ, ಹೊಸ ವಿದ್ಯೆ



ನಿಮ್ಮ ಮನೆಯ ಮೂಲೆಯಲ್ಲಿ ಹಳೆಯ ಸೀರೆಯ ತುಂಡನ್ನು ಹೊದ್ದು ಕುಳಿತಿರುವ ಕಂಪ್ಯೂಟರ್ ಒಂದು ಇದೆಯೇ? ಮಗನು ಡಿಪ್ಲೊಮಾ ಓದುವಾಗ ಕೊಂಡದ್ದು, ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಯಾರೂ ಮುಟ್ಟದೆ ಉಳಿದದ್ದು. ಮನೆಭೇಟಿಗೆ ಹೋದಾಗಲೆಲ್ಲ ಇಂತಹ ಯಂತ್ರಗಳನ್ನು ಕಾಣುತ್ತೇನೆ. "ಅದು ಹಳೆಯದಾಯಿತು ಸ್ವಾಮಿ, ಈಗಿನದೇನೂ ಅದರಲ್ಲಿ ನಡೆಯುವುದಿಲ್ಲ" ಎಂದು ಮನೆಯವರು ಹೇಳುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ಹೇಳುತ್ತಿದ್ದೆ. ಯೋಚಿಸದೆ ಆಡಿದ ಅಂತಹ ಒಂದು ಮಾತಿನಿಂದ ತಾಯಿಯೊಬ್ಬರ ಕೊರಳ ಸರ ಅಡವಿಗೆ ಹೋಗುವುದರಲ್ಲಿತ್ತು. ಆ ಸಂಗತಿಯನ್ನೂ ಅದರಿಂದ ನಾನು ಕಲಿತದ್ದನ್ನೂ ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ನಾಲ್ಕು ಮಾತು.

2025ರ ಜೂನ್ ತಿಂಗಳ ಒಂದು ಭಾನುವಾರ. ಎರಡನೆಯ ಪೂಜೆ ಮುಗಿಸಿ ಕಚೇರಿಯ ಬಾಗಿಲು ತೆರೆಯುತ್ತಿದ್ದೆ. ಆ ವರ್ಷ ಪಿ.ಯು.ಸಿ. ಮುಗಿಸಿದ್ದ ಹುಡುಗಿಯೊಬ್ಬಳು ಬಂದು ನಿಂತಳು. ತಂದೆ ಇಲ್ಲ. ತಾಯಿ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ ಅಡುಗೆ ಮಾಡುತ್ತಾರೆ. ಆ ಶಿಕ್ಷಕರು ತಮ್ಮ ಹಳೆಯ ಕಂಪ್ಯೂಟರನ್ನು ಈ ಹುಡುಗಿಗೆ ಕೊಟ್ಟಿದ್ದರು. ಅವಳಿಗೆ ಚಿತ್ರ ಬಿಡಿಸುವ ಕೈ ಇದೆ. ನಮ್ಮ ಗೋದಲಿಯ ಹಿಂದಿನ ಪರದೆಯನ್ನು ಬರೆದವಳು ಅವಳೇ. ಮುದ್ರಣಾಲಯದಲ್ಲಿ ವಿನ್ಯಾಸದ ಕೆಲಸ ಹಿಡಿದು, ಕೆಲಸ ಮಾಡುತ್ತಲೇ ಪದವಿ ಓದಬೇಕೆಂಬುದು ಅವಳ ಆಸೆ. ಅದಕ್ಕಾಗಿ ಜಿಂಪ್ ಎಂಬ ಚಿತ್ರ ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಲು ಹೋಗಿದ್ದಾಳೆ. ಈ ವಿಂಡೋಸ್‌ನಲ್ಲಿ ಇದು ನಡೆಯದು ಎಂದು ಯಂತ್ರ ನಿರಾಕರಿಸಿದೆ.

"ಏನು ಮಾಡಲಿ ಫಾದರ್?" ಎಂದಳು.

ನನಗೆ ಅಂದು ಇನ್ನೆರಡು ಕೆಲಸಗಳಿದ್ದವು. "ಅದು ಹಳೆಯದು ಮಗು. ಈಗಿನ ತಂತ್ರಾಂಶಕ್ಕೆ ಹೊಸ ಯಂತ್ರವೇ ಬೇಕು. ಅಮ್ಮನಿಗೆ ಹೇಳು" ಎಂದು ಹೇಳಿ ಮುಂದೆ ನಡೆದೆ. ಅರ್ಧ ನಿಮಿಷದ ಮಾತು. ಸಂಜೆಯ ಹೊತ್ತಿಗೆ ಮರೆತೂ ಹೋಯಿತು.

ಹತ್ತು ದಿನಗಳ ಮೇಲೆ ಅವಳ ತಾಯಿ ಬಂದರು. ಸಹಕಾರ ಸಂಘದಲ್ಲಿ ಚಿನ್ನದ ಮೇಲೆ ಸಾಲ ತೆಗೆಯುವುದಕ್ಕೆ ಏನೇನು ಕಾಗದ ಬೇಕಾಗುತ್ತದೆ ಎಂದು ಕೇಳಿದರು. ಏಕೆಂದು ವಿಚಾರಿಸಿದೆ. ಪೇಟೆಯ ಅಂಗಡಿಯಲ್ಲಿ ಹೊಸ ಕಂಪ್ಯೂಟರಿಗೆ ನಲವತ್ತೈದು ಸಾವಿರ ಹೇಳಿದ್ದಾರೆ. ತೀರಿಕೊಂಡ ಗಂಡ ಮಾಡಿಸಿಕೊಟ್ಟ ಎರಡೆಳೆ ಸರವನ್ನು ಅಡವಿಡುವುದೆಂದು ತೀರ್ಮಾನಿಸಿದ್ದಾರೆ. "ಬೇರೆ ಯಾರಾದರೂ ಹೇಳಿದ್ದರೆ ನಾನು ಕೇಳುತ್ತಿರಲಿಲ್ಲ. ಸ್ವಾಮಿಯವರೇ ಹೇಳಿದ ಮೇಲೆ ತಪ್ಪಿರುವುದಿಲ್ಲ ಅಂದುಕೊಂಡೆ" ಎಂದರು.

ಪೀಠದ ಮೇಲೆ ನಿಂತು ಆಡುವ ಮಾತನ್ನು ವಾರವಿಡೀ ಸಿದ್ಧಪಡಿಸುತ್ತೇವೆ. ಬಾಗಿಲ ಬಳಿ ನಿಂತು ಆಡುವ ಮಾತಿಗೆ ಯಾವ ಸಿದ್ಧತೆಯೂ ಇಲ್ಲ. ಕೇಳುವವರಿಗೆ ಮಾತ್ರ ಎರಡೂ ಒಂದೇ ತೂಕ. ನನಗೆ ಆ ಯಂತ್ರದ ವಿಷಯ ಏನೂ ಗೊತ್ತಿರಲಿಲ್ಲ. ಅದನ್ನು ತೆರೆದು ಸಹ ನೋಡಿರಲಿಲ್ಲ. "ಅಮ್ಮಾ, ನನಗೆ ಎರಡು ವಾರ ಕೊಡಿ. ಅಲ್ಲಿಯವರೆಗೆ ಸರ ನಿಮ್ಮ ಕೊರಳಲ್ಲೇ ಇರಲಿ" ಎಂದು ಬೇಡಿಕೊಂಡೆ.

ಅಂದು ರಾತ್ರಿ ಬೆಂಗಳೂರಿನಲ್ಲಿರುವ ನಮ್ಮ ಧರ್ಮಕೇಂದ್ರದ ಎಂಜಿನಿಯರ್ ಯುವಕನಿಗೆ ದೂರವಾಣಿ ಮಾಡಿದೆ. ಅವನು ಕೇಳಿದ ಮೊದಲ ಪ್ರಶ್ನೆಯೇ ನನ್ನ ಅಜ್ಞಾನವನ್ನು ಬಯಲಿಗೆಳೆಯಿತು. "ಹಳೆಯದಾಗಿರುವುದು ಯಂತ್ರವೋ, ಅದರೊಳಗಿನ ವಿಂಡೋಸೋ, ಫಾದರ್? ಎರಡನ್ನೂ ಬೇರೆ ಬೇರೆ ನೋಡಬೇಕು" ಎಂದನು.

ವಾಚಕರೇ, ಈ ಭೇದವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಚಿತ್ರ ಬಿಡಿಸುವ ತಂತ್ರಾಂಶವು ತಾನೇ ಹೋಗಿ ಪರದೆಯ ಮೇಲೆ ಬಣ್ಣ ಬಳಿಯುವುದಿಲ್ಲ. ಕಡತ ತೆರೆ, ನೆನಪಿನಲ್ಲಿ ಜಾಗ ಕೊಡು, ಪರದೆಯಲ್ಲಿ ತೋರಿಸು ಎಂದು ವಿಂಡೋಸಿನಂತಹ ಕಾರ್ಯಾಚರಣ ವ್ಯವಸ್ಥೆಯನ್ನು ಕೇಳಿಕೊಳ್ಳುತ್ತದೆ. ಪ್ರತಿಯೊಂದು ಸೇವೆಗೂ ಒಂದೊಂದು ಹೆಸರಿದೆ. ಹೊಸ ತಂತ್ರಾಂಶವು ಹೊಸ ಹೆಸರಿನ ಸೇವೆಯನ್ನು ಕೇಳಿದಾಗ ಹಳೆಯ ವಿಂಡೋಸಿನ ಪಟ್ಟಿಯಲ್ಲಿ ಆ ಹೆಸರೇ ಇರುವುದಿಲ್ಲ. ಹೊಸ ಯೋಜನೆಯ ಅರ್ಜಿ ಹಿಡಿದು ಹೋದಾಗ, ಅದರ ಆದೇಶ ಇನ್ನೂ ತಲುಪದ ಕಚೇರಿಯ ಗುಮಾಸ್ತ ಕೈಚೆಲ್ಲುವಂತೆ ಅದೂ ಕೈಚೆಲ್ಲುತ್ತದೆ. ಕಚೇರಿಯ ಕಟ್ಟಡ ಗಟ್ಟಿಯಾಗಿಯೇ ಇರಬಹುದು. ಕೊರತೆ ಇರುವುದು ಪಟ್ಟಿಯಲ್ಲಿ.

ಹುಡುಗಿಯ ಯಂತ್ರದಲ್ಲಿದ್ದದ್ದು ವಿಂಡೋಸ್ 7. ಅದು ಬಂದದ್ದು 2009ರ ಅಕ್ಟೋಬರಿನಲ್ಲಿ. ಅದಕ್ಕೆ ಸಾಮಾನ್ಯ ಬಳಕೆದಾರರಿಗೆ ದೊರೆಯುತ್ತಿದ್ದ ಭದ್ರತಾ ತಿದ್ದುಪಡಿಗಳು 2020ರ ಜನವರಿ 14ರಂದು ನಿಂತುಹೋದವು. ಅವಳು ಹಾಕಲು ಹೋದ ಜಿಂಪ್ 3.0 ಬಿಡುಗಡೆಯಾದದ್ದು 2025ರ ಮಾರ್ಚಿನಲ್ಲಿ; ಅದಕ್ಕೆ ಕನಿಷ್ಠ ವಿಂಡೋಸ್ 10 ಬೇಕು. ಆದರೆ 2018ರಲ್ಲಿ ಬಂದ ಜಿಂಪ್ 2.10 ವಿಂಡೋಸ್ 7ರಲ್ಲಿಯೂ ನಡೆಯುತ್ತದೆ. ಕಲಿಯುವವರಿಗೆ ಬೇಕಾದ ಪದರಗಳು, ಆಯ್ಕೆ, ಬಣ್ಣ ತಿದ್ದುವ ಸಾಧನಗಳೆಲ್ಲ ಅದರಲ್ಲಿವೆ. ನನ್ನ ಮೊದಲ ಉತ್ತರ ಇದಾಗಿರಬೇಕಿತ್ತು: ಯಂತ್ರವನ್ನು ಬದಲಿಸುವ ಮೊದಲು, ಅದಕ್ಕೆ ಹೊಂದುವ ಹಿಂದಿನ ಆವೃತ್ತಿಯನ್ನು ಹಾಕಿ ನೋಡು.

ಹಾಕಿ ನೋಡಿದೆವು. ತೆರೆಯಿತು. ಆದರೆ ಪೂರ್ಣ ಪುಟದ ಚಿತ್ರವೊಂದಕ್ಕೆ ಮೂರು ನಾಲ್ಕು ಪದರ ಸೇರಿಸುವಷ್ಟರಲ್ಲಿ ಯಂತ್ರ ಉಸಿರುಗಟ್ಟಿದಂತೆ ನಿಂತುಬಿಡುತ್ತಿತ್ತು. ಇದರ ಕಾರಣವನ್ನೂ ಆ ಯುವಕನೇ ಲೆಕ್ಕ ಹಾಕಿ ತೋರಿಸಿದನು. ಮುದ್ರಣಕ್ಕೆ ಬೇಕಾದ 300 ಡಿಪಿಐ ಗುಣಮಟ್ಟದಲ್ಲಿ ಒಂದು ಎ4 ಪುಟವೆಂದರೆ ಅಡ್ಡಕ್ಕೆ 2480, ಉದ್ದಕ್ಕೆ 3508 ಚುಕ್ಕಿಗಳು. ಒಟ್ಟು ಸುಮಾರು 87 ಲಕ್ಷ. 8-ಬಿಟ್ ನಿಖರತೆಯಲ್ಲಿ ಚುಕ್ಕಿಯೊಂದಕ್ಕೆ 4 ಬೈಟಿನಂತೆ ಒಂದು ಪದರಕ್ಕೆ ಸುಮಾರು 35 ಎಂಬಿ ಬೇಕು. ಹೊಸ ಆವೃತ್ತಿಗಳಲ್ಲಿರುವ 32-ಬಿಟ್ ನಿಖರತೆಯನ್ನು ಆರಿಸಿದರೆ ಅದೇ ಪದರಕ್ಕೆ ಸುಮಾರು 139 ಎಂಬಿ. ಹತ್ತು ಪದರವಾದರೆ 1.4 ಜಿಬಿ. ಆ ಯಂತ್ರದಲ್ಲಿ ಇದ್ದ ಒಟ್ಟು ರ್‍ಯಾಮ್ 2 ಜಿಬಿ. ಅದರಲ್ಲಿ ವಿಂಡೋಸಿನ ಪಾಲೂ ಸೇರಿದೆ. ಹುಡುಗಿಯು ಅರಿಯದೆ 32-ಬಿಟ್ ಆರಿಸಿಕೊಂಡಿದ್ದಳು. ಜಾಗ ಸಾಲದೆ ಹೋದಾಗ ಜಿಂಪ್ ಚಿತ್ರದ ತುಂಡುಗಳನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟು ತೆಗೆದು ಮಾಡುತ್ತದೆ. ತಿರುಗುವ ತಟ್ಟೆಯ ಹಳೆಯ ಡಿಸ್ಕು ಬಹಳ ನಿಧಾನ. ಚಿತ್ರವನ್ನು 8-ಬಿಟ್‌ಗೆ ಇಳಿಸಿದ ಕೂಡಲೇ ಅರ್ಧ ತೊಂದರೆ ಒಂದು ಪೈಸೆ ಖರ್ಚಿಲ್ಲದೆ ಕಳೆಯಿತು.

ಉಳಿದ ಅರ್ಧಕ್ಕೆ ಸ್ವಲ್ಪ ಹಣ ಬೇಕಾಯಿತು. ಆ ಯಂತ್ರದ ಪ್ರೊಸೆಸರ್ 64-ಬಿಟ್ಟಿನದು. ಆದರೆ ಅದರಲ್ಲಿ ಹಾಕಿದ್ದದ್ದು 32-ಬಿಟ್ ವಿಂಡೋಸ್. ಅಂತಹ ವಿಂಡೋಸ್ 4 ಜಿಬಿಗಿಂತ ಹೆಚ್ಚಿನ ರ್‍ಯಾಮನ್ನು ಬಳಸಿಕೊಳ್ಳಲಾರದು. ಹೊಸ ತಂತ್ರಾಂಶಗಳಲ್ಲಿ ಹಲವು 64-ಬಿಟ್ಟಿಗೆ ಮಾತ್ರ ದೊರೆಯುತ್ತವೆ. ಎಂದರೆ ಯಂತ್ರಕ್ಕಿದ್ದ ಶಕ್ತಿಯನ್ನು ಅದರ ಒಡೆಯರು ಇಷ್ಟು ವರ್ಷ ಬಳಸಿಯೇ ಇರಲಿಲ್ಲ. ಬಳಸಿದ ರ್‍ಯಾಮ್ ಪಟ್ಟಿಗಳನ್ನು ಪೇಟೆಯಿಂದ ತಂದು 8 ಜಿಬಿ ಮಾಡಿಸಿದೆವು. ತಟ್ಟೆಯ ಡಿಸ್ಕನ್ನು ತೆಗೆದು ಅದರ ಜಾಗದಲ್ಲಿ ಎಸ್ಎಸ್‌ಡಿ ಹಾಕಿಸಿದೆವು. ಒಟ್ಟು ಖರ್ಚು ಮೂರು ಸಾವಿರದೊಳಗೆ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಎಸ್ಎಸ್‌ಡಿ ಹಾಕಿಸಲು ಹೋದಾಗ ಅಂಗಡಿಯವರು ಉದಾರವಾಗಿ ಒಂದು ಪೆನ್‌ಡ್ರೈವ್ ಮುಂದಿಟ್ಟರು. "ಹೊಸ ವಿಂಡೋಸ್, ಬೆಲೆಬಾಳುವ ಫೋಟೊ ತಂತ್ರಾಂಶ, ಎಲ್ಲವೂ ಇದರಲ್ಲಿದೆ. ಕ್ರ್ಯಾಕ್ ಮಾಡಿದ್ದು. ದುಡ್ಡು ಬೇಡ" ಎಂದರು. ನಾನು ಸುಮ್ಮನಿದ್ದೆ. ಹುಡುಗಿಯು ಮೆಲ್ಲಗೆ, "ಫಾದರ್, ಇದು ಕದ್ದದ್ದಲ್ಲವೇ?" ಎಂದು ಕೇಳಿದಳು.

ನಾನು ಸುಮ್ಮನಿದ್ದದ್ದಕ್ಕೆ ಕಾರಣವಿತ್ತು. 2011ರಲ್ಲಿ, ಆಗ ನಾನಿದ್ದ ಧರ್ಮಕೇಂದ್ರದ ಕಚೇರಿಗೆ ಕಂಪ್ಯೂಟರ್ ಕೊಂಡಾಗ ಇಂತಹದೇ ಡಿಸ್ಕಿನಿಂದ ಪೇಜ್‌ಮೇಕರ್ ಹಾಕಿಸಿಕೊಂಡಿದ್ದೆ. ಗುರುಮಠದಲ್ಲಿ ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಶಾಯಿಯಲ್ಲಿ ಕೈ ಕಪ್ಪು ಮಾಡಿಕೊಂಡು ಪತ್ರಿಕೆ ಹೊರಡಿಸುತ್ತಿದ್ದ ನಮಗೆ ಅದೊಂದು ಪವಾಡದಂತೆ ಕಂಡಿತ್ತು. ಪ್ರಾಮಾಣಿಕತೆಯ ಕುರಿತು ನಾನು ಬರೆದ ಲೇಖನವೂ ಆ ಕದ್ದ ತಂತ್ರಾಂಶದಲ್ಲಿಯೇ ಪುಟವಾಗಿ ಅಚ್ಚಾಯಿತು. ಕೊನೆಗೆ ಪೆನ್‌ಡ್ರೈವಿನಿಂದ ಬಂದ ವೈರಸ್ ಒಂದು ವರ್ಷದ ಸಂಚಿಕೆಗಳನ್ನು ನುಂಗಿತು. ಆಗ ನಷ್ಟಕ್ಕೆ ಮರುಗಿದೆನೇ ಹೊರತು ತಪ್ಪಿಗೆ ಮರುಗಲಿಲ್ಲ. ಹದಿನಾಲ್ಕು ವರ್ಷಗಳ ಮೇಲೆ ಒಂದು ಮಗುವಿನ ಪ್ರಶ್ನೆ ಆ ಕೆಲಸ ಮಾಡಿತು. ಪೆನ್‌ಡ್ರೈವನ್ನು ಅಂಗಡಿಯವರಿಗೆ ಹಿಂದಿರುಗಿಸಿ ಬಂದೆವು.

ಕದಿಯಬೇಕಾದ ಅಗತ್ಯವಾದರೂ ಏನಿದೆ? ಜಿಂಪ್ ತಂತ್ರಾಂಶವನ್ನು 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಆರಂಭಿಸಿದರು. ಅದನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು, ಹಂಚಬಹುದು. ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಹೀಗೆಯೇ ಲಭ್ಯ. ಕಾರ್ಯಾಚರಣ ವ್ಯವಸ್ಥೆಯೂ ಹೀಗೆ ದೊರೆಯುತ್ತದೆ. ಲಿನಕ್ಸ್ ಮಿಂಟ್ ಎಂಬುದರ ಹಗುರವಾದ ಎಕ್ಸ್‌ಎಫ್‌ಸಿಇ ರೂಪ ಇಂತಹ ಯಂತ್ರಗಳಿಗೆ ಚೆನ್ನಾಗಿ ಒಪ್ಪುತ್ತದೆ. 2024ರ ಜುಲೈಯಲ್ಲಿ ಬಂದ ಅದರ 22ನೆಯ ಆವೃತ್ತಿಗೆ 2029ರವರೆಗೆ ಭದ್ರತಾ ತಿದ್ದುಪಡಿಗಳ ಭರವಸೆಯಿದೆ. ಹುಡುಗಿಯ ಯಂತ್ರಕ್ಕೆ ಅದನ್ನು ಹಾಕಿದೆವು. ಮೊದಲು ಬೇಡವೆಂದಿದ್ದ ಆ ಯಂತ್ರದಲ್ಲಿಯೇ ಈಗ ಜಿಂಪ್ 3.0 ತೆರೆಯಿತು!

ಹಾಕುವ ಮೊದಲು ಹಳೆಯ ಡಿಸ್ಕಿನಲ್ಲಿ ಏನಿದೆಯೆಂದು ನೋಡಿದ್ದು ಒಳ್ಳೆಯದಾಯಿತು. ಶಿಕ್ಷಕರ ದಿವಂಗತ ಪತ್ನಿಯ ಭಾವಚಿತ್ರಗಳು ಅದರಲ್ಲಿದ್ದವು. ಪ್ರತಿ ಮಾಡಿ ಕೊಟ್ಟಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಯಾವ ಯಂತ್ರವನ್ನು ಅಳಿಸುವಾಗಲೂ ದಯವಿಟ್ಟು ಮೊದಲು ಇದನ್ನು ಮಾಡಿ.

ಹೊಸ ತಂತ್ರಾಂಶದ ಹಂಬಲವೇಕೆ, ಹಳೆಯದರಲ್ಲಿಯೇ ತೃಪ್ತರಾಗಬಾರದೇ ಎಂದು ನೀವು ಕೇಳಬಹುದು. ಕನ್ನಡಿಗರಾದ ನಮಗೆ ಇದಕ್ಕೊಂದು ವಿಶೇಷ ಕಾರಣವಿದೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರದು. ಅದರಲ್ಲಿ ನಾವು ಬಳಸುತ್ತಿದ್ದ ಹಳೆಯ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಗಿತ್ತು. ಫಾಂಟು ಇಲ್ಲದ ಯಂತ್ರದಲ್ಲಿ ಆ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಈಗಿನ ಯೂನಿಕೋಡ್ ಕ್ರಮದಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿದೆ. ಆದರೆ 'ರಾಷ್ಟ್ರ' ಎಂಬ ಪದದಲ್ಲಿ ಷಕಾರದ ಕೆಳಗೆ ಎರಡು ಒತ್ತುಗಳನ್ನು ಸರಿಯಾಗಿ ಕೂರಿಸುವ ಹೊಣೆ ತಂತ್ರಾಂಶದ್ದು. ಅದು ತಿಳಿಯದ ತಂತ್ರಾಂಶದಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಉದುರುತ್ತವೆ. ಸ್ಕ್ರೈಬಸ್‌ನ ಹಳೆಯ 1.4 ಶ್ರೇಣಿಗೆ ಈ ವಿದ್ಯೆ ತಿಳಿದಿರಲಿಲ್ಲ. 1.5 ಶ್ರೇಣಿಯಲ್ಲಿ ಅದನ್ನು ಸೇರಿಸಲಾಯಿತು; 2024ರ ಆರಂಭದಲ್ಲಿ ಬಂದ 1.6ರಲ್ಲಿ ಅದು ಎಲ್ಲರಿಗೂ ಸ್ಥಿರ ರೂಪದಲ್ಲಿ ದೊರೆಯಿತು. ಆದ್ದರಿಂದ ನಮ್ಮ ಭಾಷೆಯಲ್ಲಿ ಪುಟ ಕಟ್ಟುವವರಿಗೆ ಹೊಸ ಆವೃತ್ತಿ ಆಡಂಬರವಲ್ಲ, ಅವಶ್ಯಕತೆ. ಅದನ್ನು ಹಳೆಯ ಯಂತ್ರಕ್ಕೆ ತಲುಪಿಸುವುದು ಹೇಗೆಂಬುದೇ ನಿಜವಾದ ಪ್ರಶ್ನೆ.

ಎಲ್ಲವೂ ಸರಾಗವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹುಡುಗಿಗೆ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಮೂರು ಆಯಾಮದ ಗೋದಲಿಯನ್ನು ಮಾಡುವ ಆಸೆಯಿತ್ತು. ಅಂತಹ ಚಿತ್ರಗಳನ್ನು ಪರದೆಗೆ ತರುವ ಕೆಲಸ ಗ್ರಾಫಿಕ್ಸ್ ಚಿಪ್ಪಿನದು. ಓಪನ್‌ಜಿಎಲ್ ಎಂಬ ಭಾಷೆಯಲ್ಲಿ ತಂತ್ರಾಂಶವು ಅದಕ್ಕೆ ಆಜ್ಞೆ ಕೊಡುತ್ತದೆ. ಆ ಯಂತ್ರದ ಚಿಪ್ಪಿಗೆ ತಿಳಿದಿದ್ದದ್ದು ಓಪನ್‌ಜಿಎಲ್ 2.1ರವರೆಗೆ ಮಾತ್ರ. 2019ರ ಜುಲೈಯಲ್ಲಿ ಬಂದ ಬ್ಲೆಂಡರ್ 2.80 ಕನಿಷ್ಠ 3.3 ಕೇಳುತ್ತದೆ, ಈಚಿನವು ಇನ್ನೂ ಹೆಚ್ಚು. ರ್‍ಯಾಮ್ ಹೆಚ್ಚಿಸಿದರೂ, ವ್ಯವಸ್ಥೆ ಬದಲಿಸಿದರೂ ಚಿಪ್ಪು ಹೊಸ ಭಾಷೆ ಕಲಿಯುವುದಿಲ್ಲ. ಲಿನಕ್ಸ್‌ನಲ್ಲಿ ಮೆಸಾ ಎಂಬ ವ್ಯವಸ್ಥೆಯಿದೆ. ಅದು ಚಿಪ್ಪಿನ ಕೆಲಸವನ್ನು ಪ್ರೊಸೆಸರಿನಿಂದಲೇ ಮಾಡಿಸಬಲ್ಲದು. ಪ್ರಯತ್ನಿಸಿದೆವು, ತೆರೆಯಿತು. ಆದರೆ ಒಂದು ಘನಾಕೃತಿಯನ್ನು ಸ್ವಲ್ಪ ತಿರುಗಿಸಿದರೆ ಪರದೆ ನಡೆಯಲಾರದವರಂತೆ ಹೆಜ್ಜೆ ಎಳೆಯುತ್ತಿತ್ತು. ಕೊನೆಗೆ 2017ರ ಬ್ಲೆಂಡರ್ 2.79 ಹಾಕಿದೆವು, ಅದಕ್ಕೆ 2.1 ಸಾಕು. ಮೂಲಪಾಠಗಳಿಗೆ ಅದು ಸಾಕಾಗಿದೆ. ಮುಂದೆ ಅದೇ ಅವಳ ವೃತ್ತಿಯಾದರೆ ಹೊಸ ಯಂತ್ರ ಕೊಳ್ಳಲೇಬೇಕು. ಆಗ ಅವಳ ಸಂಪಾದನೆಯಿಂದ ಕೊಳ್ಳಲಿ.

ಹೊಸ ದ್ರಾಕ್ಷಾರಸ, ಹಳೆಯ ಬುದ್ದಲಿಗಳ ಮಾತು ನಿಮಗೆ ಈಗಾಗಲೇ ನೆನಪಾಗಿರಬಹುದು. ನನಗೂ ಆಯಿತು. ಹಳೆಯದನ್ನು ಬಿಸಾಡಲು ಅದು ಅಪ್ಪಣೆ ಎಂಬಂತೆ ನಾವು ಆ ಸಾಮತಿಯನ್ನು ಬಳಸುತ್ತೇವೆ. ಆದರೆ ಸಂತ ಮತ್ತಾಯನ ಶುಭಸಂದೇಶದಲ್ಲಿ ಅದು ಮುಗಿಯುವುದು ರಸವೂ ಬುದ್ದಲಿಯೂ ಎರಡೂ ಉಳಿಯಬೇಕೆಂಬ ಕಾಳಜಿಯಲ್ಲಿ. ಸುರಿಯುವ ಮೊದಲು ಬುದ್ದಲಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಅದೆಷ್ಟು ತಾಳುತ್ತದೆಂದು ತಿಳಿಯಬೇಕು. ನಾನು ನೋಡದೆಯೇ ತೀರ್ಪು ಕೊಟ್ಟಿದ್ದೆ.

ಈ ಮಾತಿಗೆ ಈಗ ಹೆಚ್ಚಿನ ಅಗತ್ಯವಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಕೊನೆಗೊಂಡಿತು. 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಭಾಗವನ್ನೂ ಈಚಿನ ಪ್ರೊಸೆಸರನ್ನೂ ಕೇಳುತ್ತದೆ. ಕೆಡದೇ ಇರುವ ಎಷ್ಟೋ ಯಂತ್ರಗಳು ಇದರಿಂದ ಮೂಲೆ ಸೇರಲಿವೆ. ನಿಮ್ಮ ಮನೆಯಲ್ಲಿಯೂ ಒಂದಿದ್ದರೆ, ಎಸೆಯುವ ಮೊದಲು ನಾಲ್ಕು ವಿಷಯ ವಿಚಾರಿಸಿ. ಪ್ರೊಸೆಸರ್ 64-ಬಿಟ್ಟಿನದೇ? ರ್‍ಯಾಮ್ ಎಷ್ಟಿದೆ, ಹೆಚ್ಚಿಸಬಹುದೇ? ಡಿಸ್ಕು ತಟ್ಟೆಯದೇ? ಮಾಡಬೇಕಾದ ಕೆಲಸಕ್ಕೆ ಗ್ರಾಫಿಕ್ಸ್ ಚಿಪ್ಪು ಸಾಕೇ? ಬೆಂಬಲ ನಿಂತ ವಿಂಡೋಸನ್ನು ಹಳೆಯ ಕಡತಗಳಿಗಾಗಿ ಇಟ್ಟುಕೊಳ್ಳಲೇಬೇಕಾದರೆ ಅದನ್ನು ಅಂತರ್ಜಾಲಕ್ಕೆ ಜೋಡಿಸಬೇಡಿ. ನಮ್ಮ ಕಚೇರಿಯಲ್ಲಿ ಅಂತಹ ಯಂತ್ರ ಒಂದನ್ನು ಇರಿಸಿದ್ದೇವೆ. ನುಡಿ ಫಾಂಟಿನ ಹಳೆಯ ಸಂಚಿಕೆಗಳನ್ನು ಅದರಲ್ಲಿ ತೆರೆದು, ಒಂದೊಂದಾಗಿ ಯೂನಿಕೋಡಿಗೆ ಬದಲಿಸಿಕೊಳ್ಳುತ್ತಿದ್ದೇವೆ.

ಆ ಕೆಲಸ ಮಾಡುತ್ತಿರುವವಳು ಅದೇ ಹುಡುಗಿ. ಪುಟಕ್ಕಿಷ್ಟು ಎಂದು ಧರ್ಮಕೇಂದ್ರ ಅವಳಿಗೆ ಕೂಲಿ ಕೊಡುತ್ತದೆ. ಕ್ರಿಸ್ತಜಯಂತಿಯ ಸಂಚಿಕೆಯ ಮುಖಪುಟವನ್ನೂ ಅವಳೇ ವಿನ್ಯಾಸ ಮಾಡಿದಳು. ಮೊದಲ ಪ್ರತಿಯನ್ನು ಅವಳ ತಾಯಿಯ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಮುಖಪುಟವನ್ನು ಬಹಳ ಹೊತ್ತು ನೋಡಿದರು. ಬಳಿಕ, "ಸ್ವಾಮಿಯವರೇ, ಹಾಗಾದರೆ ನಮ್ಮ ಮನೆಯ ಮಿಕ್ಸಿಯನ್ನೂ ಒಮ್ಮೆ ನೋಡಬಾರದೇ? ಅದೂ ಹಳೆಯದಾಯಿತೆಂದು ಎಲ್ಲರೂ ಹೇಳುತ್ತಿದ್ದಾರೆ" ಎಂದರು. ಬಗ್ಗಿ ನಕ್ಕಾಗ ಕೊರಳಿನ ಎರಡೆಳೆ ಸರ ಪುಟದ ಮೇಲೆ ತೂಗಿತು.

ಮಿಕ್ಸಿಯ ವಿಷಯದಲ್ಲಿ ನಾನು ಈ ಬಾರಿ ಕೂಡಲೇ ಉತ್ತರ ಕೊಡಲಿಲ್ಲ. "ತಿಳಿದವರನ್ನು ಕೇಳಿ ಹೇಳುತ್ತೇನೆ ಅಮ್ಮಾ" ಎಂದೆ.